ಬೀದರ್ ಇದೆ, ಆದ್ರೆ ಸಿಗ್ತಾ ಇಲ್ಲ: ಯಾರೂ ನೋಡಿಕೊಳ್ಳದ ಲೈಬ್ರರಿಯನ್ನು ಏನು ಮಾಡೋದು?

ತೊಗರಿ_ಲೆಕ್ಕ · ಕಲಬುರಗಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ನಾನು ಇಲ್ಲಿನ ದಾಲ್ ಮಿಲ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಸದ್ಯಕ್ಕೆ ನಾಲ್ಕು ಮಿಲ್. ತೊಗರಿ ಗಾಡಿ ಬಂದು ತೂಕ ಆದ ಕೂಡಲೇ ಚೀಟಿ ಹೊರಗೆ ಬರಬೇಕು. ರೈತರ ಹೆಸರು, ಊರು, ತಾಲ್ಲೂಕು, ಜಿಲ್ಲೆ, ತೂಕ. ಜಿಲ್ಲೆ ತಾಲ್ಲೂಕುಗಳ ಕನ್ನಡ ಹೆಸರಿಗೆ ಪೈಪಿಐನಲ್ಲಿ (ಪೈಥಾನ್ ಭಾಷೆಯ ಪ್ಯಾಕೇಜ್‌ಗಳನ್ನು ಹಂಚಿಕೊಳ್ಳುವ ತಾಣ) ಸಿಕ್ಕ ಒಂದು ಪುಟ್ಟ ಪೈಥಾನ್ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಬಳಸುತ್ತಿದ್ದೇನೆ. ಹೆಸರು ಬೇಡ ಬಿಡಿ, ಬಳಸಿದವರಿಗೆ ಗೊತ್ತಾಗುತ್ತೆ. ಬರೆದವರು ನಮ್ಮ ಕಡೆಯವರೇ ಇರಬೇಕು, ಯಾಕಂದ್ರೆ ಉದಾಹರಣೆ ಕೊಟ್ಟಲ್ಲೆಲ್ಲ ಭಾಲ್ಕಿ ಬರುತ್ತೆ.

ಈ ಸುಗ್ಗಿಗೆ ಹೊಸದಾಗಿ ಜಿಲ್ಲಾವಾರು ವರದಿ ಸೇರಿಸಿದೆ. ಹೋದ ವಾರ ಒಬ್ಬ ಮಿಲ್ ಮಾಲೀಕರು ಫೋನ್ ಮಾಡಿ, "ಏನ್ರೀ, ಬೀದರ್ ಜಿಲ್ಲಾದಿಂದ ಒಂದು ಕ್ವಿಂಟಲ್ ತೊಗರಿನೂ ಬಂದಿಲ್ಲ ಅಂತ ತೋರಸ್ತದಲ್ಲ ನಿಮ್ಮ ಕಂಪ್ಯೂಟರ್? ಹೊರಗ ಅಲ್ಲಿಂದೇ ನಾಲ್ಕು ಗಾಡಿ ಬಂದು ನಿಂತಾವ" ಅಂದರು. ನೋಡಿದರೆ ನಿಜ. ಚೀಟಿಯಲ್ಲಿ ಬೀದರ್ ಅಂತಿದೆ. ಲೈಬ್ರರಿಯ ಪಟ್ಟಿಯಲ್ಲೂ ಬೀದರ್ ಅಂತಿದೆ. ಎರಡೂ ಸಮ ಅಲ್ಲ ಅನ್ನುತ್ತೆ ಪೈಥಾನ್. ಯಾದಗಿರಿ ಸಿಗುತ್ತೆ. ಕಲಬುರಗಿ ಕಥೆ ಬೇರೆ, ಪಟ್ಟಿಯಲ್ಲಿ ಇನ್ನೂ ಗುಲ್ಬರ್ಗಾ ಅಂತಲೇ ಇದೆ. ಅದಕ್ಕೆ ನಾನೇ ಒಂದು ಸಾಲು ತೇಪೆ ಹಾಕಿಕೊಂಡಿದ್ದೆ.

ಲೈಬ್ರರಿಯ ಕೊನೆಯ ರಿಲೀಸ್ 2013ರದ್ದು. ಯಾದಗಿರಿಗೆ ಮೂರೇ ತಾಲ್ಲೂಕು. ಹುಣಸಗಿ, ವಡಗೇರಾ, ಗುರುಮಠಕಲ್ ಇಲ್ಲ. ನಮ್ಮ ಜಿಲ್ಲೆಯ ಕಾಳಗಿ, ಕಮಲಾಪುರ, ಶಹಾಬಾದ್, ಯಡ್ರಾಮಿನೂ ಇಲ್ಲ. ರೆಪೊದಲ್ಲಿ (ಕೋಡ್ ಇಟ್ಟಿರುವ ಜಾಗ) ಆರು ಇಶ್ಯೂ, ಅಂದರೆ ಬಳಸುವವರ ದೂರು, ತೆರೆದುಕೊಂಡು ಕೂತಿವೆ, ಒಂದಕ್ಕೂ ಉತ್ತರ ಇಲ್ಲ.

ಬೀದರ್ ಯಾಕೆ ಸಿಗ್ತಾ ಇಲ್ಲ? ಮತ್ತೆ, ಇದನ್ನು ಫೋರ್ಕ್ ಮಾಡಿ, ಅಂದರೆ ನಕಲು ತೆಗೆದು ತಿದ್ದಿ, ಬೇರೆ ಹೆಸರಲ್ಲಿ ಬಿಡೋದಾ, ಇಲ್ಲಾ ಇದನ್ನೇ ವಹಿಸಿಕೊಳ್ಳೋದಾ?


ಶಹಾಬಾದ್_ಫರ್ಸಿ · ಸೋಮವಾರ ರಾತ್ರಿ 10:15

ಎರಡೂ ಬೀದರ್‌ಗಳ ಉದ್ದ ಅಳೆದು ನೋಡಿ. ಒಂದು 5 ಬರುತ್ತೆ, ಇನ್ನೊಂದು 6.


ತೊಗರಿ_ಲೆಕ್ಕ · ಸೋಮವಾರ ರಾತ್ರಿ 10:22

ಯಪ್ಪಾ! ಹೌದು. ನೋಡದೇ ಹೇಗೆ ಹೇಳಿದಿರಿ ಅಕ್ಕಾ?


ಶಹಾಬಾದ್_ಫರ್ಸಿ · ಸೋಮವಾರ ರಾತ್ರಿ 10:50

ನಾನೂ ಇದೇ ಗುಂಡಿಗೆ ಬಿದ್ದಿದ್ದೆ, ಅದಕ್ಕೆ.

ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ 'ಬೀ' ಅನ್ನೋದು ಎರಡು ತುಂಡು. 'ಬಿ' ಒಂದು, ಅದರ ಪಕ್ಕಕ್ಕೆ ಬರುವ ದೀರ್ಘದ ಗುರುತು ಇನ್ನೊಂದು. ಆ ಕಾಲದ ಕಡತವನ್ನು ಯೂನಿಕೋಡ್‌ಗೆ ತಿರುಗಿಸುವಾಗ ತುಂಡಿಗೆ ತುಂಡು ಬದಲಾಯಿಸಿದರೆ ಬ, ಗುಡಿಸು, ದೀರ್ಘ, ದ, ರ, ಹಲಂತ ಅಂತ ಆರು ಸಂಕೇತ ಆಗುತ್ತೆ. ಈಗಿನ ಕೀಬೋರ್ಡ್‌ನಲ್ಲಿ ನೇರವಾಗಿ ಟೈಪ್ ಮಾಡಿದರೆ ಗುಡಿಸು ಮತ್ತು ದೀರ್ಘ ಸೇರಿ ಒಂದೇ ಸಂಕೇತ, ಒಟ್ಟು ಐದು. ಪರದೆ ಮೇಲೆ ವ್ಯತ್ಯಾಸವೇ ಕಾಣಲ್ಲ. ಯೂನಿಕೋಡ್ ಇವೆರಡನ್ನೂ ಸಮ ಅಂತಲೇ ಹೇಳುತ್ತೆ. ಆದ್ರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ಎನ್‌ಎಫ್‌ಸಿ ಅಂತಾರೆ. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಇದೆ, ಒಂದು ಸಾಲಿನ ಕೆಲಸ.

ಬೀದರ್ ಮಾತ್ರ ಅಂದುಕೊಂಡಿದ್ದೀರಾ? ಏ, ಓ ಸ್ವರದ ದೀರ್ಘಕ್ಕೂ ಇದೇ ಗತಿ. ಸೇಡಂ, ಜೇವರ್ಗಿ, ಚಿಂಚೋಳಿ ನೋಡಿ.


ತೊಗರಿ_ಲೆಕ್ಕ · ಮಂಗಳವಾರ ಬೆಳಿಗ್ಗೆ 11:05

ನೋಡಿದೆ. ಮೂರೂ ಸಿಗಲ್ಲ. ಎರಡು ವರ್ಷದಿಂದ ಸಿಕ್ಕಿಲ್ಲ!

ಮಿಲ್‌ಗೆ ಹೋಗಿ ಚೀಟಿ ಮಾಡುವ ಹುಡುಗನನ್ನು ಕೇಳಿದೆ. "ಸರ್, ಸೇಡಂ ತಗೊಳ್ಳಂಗಿಲ್ಲ ಅದು, ಅದಕ್ಕ ನಾ ಇತರೆ ಒತ್ತತೀನಿ" ಅಂದ. ನನಗೆ ಯಾಕಪ್ಪಾ ಹೇಳಲಿಲ್ಲ ಅಂದರೆ, ಅದು ಹಾಗೇ ಇರೋದು ಅಂದುಕೊಂಡಿದ್ದನಂತೆ. 'ಇತರೆ' ಕಾಲಂ ಊದಿಕೊಂಡಿದ್ದು ನನ್ನ ಕಣ್ಣಿಗೂ ಬಿದ್ದಿತ್ತು. ಮಹಾರಾಷ್ಟ್ರದ ಮಾಲು ಇರಬೇಕು ಅಂತ ಸುಮ್ಮನಿದ್ದೆ. ತಪ್ಪು ನನ್ನದೇ.


ಯಾದಗಿರಿ_ಪ್ಯಾಸೆಂಜರ್ · ಮಂಗಳವಾರ ಮಧ್ಯಾಹ್ನ 1:30

ಬೈಯಬೇಡಿ, ಒಂದು ಮಾತು ಕೇಳ್ತೀನಿ. 31 ಜಿಲ್ಲೆಯ ಹೆಸರಿಗೆ ಲೈಬ್ರರಿ ಯಾಕ್ರೀ ಬೇಕು? ಒಂದು ಕಡತದಲ್ಲಿ ಬರೆದಿಟ್ಟುಕೊಂಡರೆ ಆಗಲ್ವಾ?

2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಗಲಾಟೆ ಆಯ್ತಲ್ಲ. ಒಟ್ಟು 11 ಸಾಲಿನ ಜಾವಾಸ್ಕ್ರಿಪ್ಟ್. ಪದದ ಎಡಗಡೆ ಖಾಲಿ ಜಾಗ ತುಂಬೋದು, ಅಷ್ಟೇ ಕೆಲಸ. ಬರೆದವರಿಗೂ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ತಾಣ ನಡೆಸುತ್ತಿದ್ದ ಎನ್‌ಪಿಎಂ ಕಂಪನಿಗೂ ಬೇರೊಂದು ಪ್ಯಾಕೇಜಿನ ಹೆಸರಿನ ಬಗ್ಗೆ ಜಗಳ ಆಯ್ತು, ಅವರು ತಮ್ಮ ಎಲ್ಲಾ ಪ್ಯಾಕೇಜ್ ಕಿತ್ತುಕೊಂಡು ಹೋದರು. ಅದರ ಮೇಲೆ ನಿಂತಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ಬಿದ್ದುಹೋಯ್ತು. ಎನ್‌ಪಿಎಂನವರೇ ಕೆಲವು ಗಂಟೆಯಲ್ಲಿ ಅದನ್ನು ವಾಪಸ್ ಹಾಕಬೇಕಾಯ್ತು. ಮನೆಯಲ್ಲಿ ರುಬ್ಬಬಹುದಾದ ಹಿಂಡಿಯನ್ನೂ ಹೊರಗಿಂದ ತರಿಸಿದರೆ ಹಿಂಗೇ ಆಗೋದು.


ತೊಗರಿ_ಲೆಕ್ಕ · ಮಂಗಳವಾರ ಮಧ್ಯಾಹ್ನ 2:10

ನಾನೂ ಹಾಗೇ ಮಾಡುತ್ತಿದ್ದೆ ಅಣ್ಣಾ. ನಾಲ್ಕು ಮಿಲ್, ನಾಲ್ಕು ಕಡೆ ಪಟ್ಟಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಮೂರು ಕಡೆ ಸೇರಿಸಿದೆ, ಒಂದು ಕಡೆ ಮರೆತೆ. ಮರೆತ ಮಿಲ್‌ಗೆ ಹೊಸಪೇಟೆ ಕಡೆಯ ವ್ಯಾಪಾರಿ ಇದ್ದರು. ಆಗ ಹೋಗಿ ಲೈಬ್ರರಿ ಹುಡುಕಿದ್ದು. ಅದರಲ್ಲೂ ವಿಜಯನಗರ ಇರಲಿಲ್ಲ ಅನ್ನೋದು ಬೇರೆ ಮಾತು.

ಮತ್ತೆ ನಾನು ಸರಿಮಾಡಿಕೊಂಡರೆ ನನಗೆ ಮಾತ್ರ. ಆ ಆರು ಇಶ್ಯೂ ಹಾಕಿದವರು ಇನ್ನೂ ಕಾಯ್ತಾ ಇರಬಹುದು.


ಹಳೇ_ಪರ್ಲ್ · ಕಲಬುರಗಿ · ಮಂಗಳವಾರ ಸಂಜೆ 7:00

ತಮ್ಮಂದಿರಾ, ನಾನು ಪರ್ಲ್ ಬರೆಯುತ್ತಿದ್ದ ಕಾಲದವನು. ನಗಬೇಡಿ.

ಪರ್ಲ್ ಭಾಷೆಯ ಮಾಡ್ಯೂಲ್‌ಗಳ (ಲೈಬ್ರರಿಗಳ) ಭಂಡಾರ ಸಿಪ್ಯಾನ್ ಶುರುವಾಗಿದ್ದು 1995ರಲ್ಲಿ. ಪೈಪಿಐ 2003ರದ್ದು, ಎನ್‌ಪಿಎಂ 2010ರದ್ದು. ಅಂದರೆ ನೀವು ಇವತ್ತು ಕೇಳುತ್ತಿರುವ ಪ್ರಶ್ನೆ ನಮಗೆ ಬಹಳ ಹಿಂದೆಯೇ ಬಂದಿತ್ತು. ಬರೆದವರು ಕೆಲಸ ಬಿಟ್ಟರು, ಆಸಕ್ತಿ ಕಳೆದುಕೊಂಡರು, ಕೆಲವರು ತೀರಿಯೂ ಹೋದರು. ಮಾಡ್ಯೂಲ್ ಉಳಿಯಿತು.

ಅಲ್ಲಿ ಒಂದು ಸಂಪ್ರದಾಯ ಮಾಡಿಕೊಂಡರು, ಅದು ನನಗೆ ಈಗಲೂ ಇಷ್ಟ. ಒಂದು ಮಾಡ್ಯೂಲ್‌ನ ಮೇಲೆ 'ಅಡಾಪ್ಟ್‌ಮಿ' ಅನ್ನೋ ಹುಸಿ ಹೆಸರನ್ನು ಸೇರಿಸಬಹುದು, ಇದಕ್ಕೆ ಯಾರೂ ದಿಕ್ಕಿಲ್ಲ, ಬೇಕಾದವರು ಮುಂದೆ ಬನ್ನಿ ಅಂತ. ಬರೆದವರೇ ಬಿಟ್ಟುಕೊಡೋಕೆ ತಯಾರಿದ್ದರೆ 'ಹ್ಯಾಂಡಾಫ್'. ಬಿಡಲ್ಲ, ಆದ್ರೆ ಕೈಜೋಡಿಸುವವರು ಬೇಕು ಅಂದರೆ 'ನೀಡ್‌ಹೆಲ್ಪ್'. ಯಾರೂ ಯಾರ ಬಾಗಿಲನ್ನೂ ಒದೆಯಬೇಕಾಗಿಲ್ಲ. ಇನ್ನೊಂದು, ಅಲ್ಲಿ ಲೇಖಕ ಹಳೆ ಆವೃತ್ತಿ ಅಳಿಸಿದರೂ ಬ್ಯಾಕ್‌ಪ್ಯಾನ್ ಅನ್ನೋ ಹಳೆಯದರ ಸಂಗ್ರಹದಲ್ಲಿ ಒಂದು ಪ್ರತಿ ಉಳಿದಿರುತ್ತೆ. ಲೆಫ್ಟ್‌ಪ್ಯಾಡ್ ತರಹದ ಪೇಚು ಅಲ್ಲಿ ಅಷ್ಟು ಸುಲಭವಾಗಿ ಆಗಲ್ಲ.

ಪೈಪಿಐನಲ್ಲಿ ಇದಕ್ಕೆ ಪೆಪ್ 541 ಅನ್ನೋ ನಿಯಮ ಇದೆ. ಮಾಲೀಕ ಕೈಗೆ ಸಿಗಬಾರದು, ಹನ್ನೆರಡು ತಿಂಗಳಲ್ಲಿ ರಿಲೀಸ್ ಆಗಿರಬಾರದು, ಪ್ರಾಜೆಕ್ಟ್‌ನ ಪುಟದಲ್ಲೂ ಅವರ ಓಡಾಟ ಇರಬಾರದು. ಆಮೇಲೆ ನೀನು ಅವರನ್ನು ಹುಡುಕಿ ಸೋತಿದ್ದಕ್ಕೆ ಪುರಾವೆ ಕೊಡಬೇಕು, ನಿನ್ನ ಫೋರ್ಕ್‌ನಲ್ಲಿ ನಿಜವಾಗಿ ಕೆಲಸ ಆಗಿದೆ ಅಂತ ತೋರಿಸಬೇಕು, ಬೇರೆ ಹೆಸರು ಯಾಕೆ ಆಗಲ್ಲ ಅಂತಲೂ ಹೇಳಬೇಕು. ಖಾಲಿ ಸೈಟು ಬೇಲಿ ಹಾಕಿಕೊಂಡ ಹಾಗಲ್ಲ.

ಅದಕ್ಕೇ ಮೊದಲು ಒಂದು ಮೇಲ್ ಹಾಕು. ದೂರಿನ ಧಾಟಿ ಬೇಡ. ನಾನು ಇಂಥವನು, ನಿಮ್ಮದು ಬಳಸುತ್ತೇನೆ, ಹೀಗೆ ಸರಿಮಾಡಿದ್ದೇನೆ, ನೋಡ್ತೀರಾ ಅಂತ ಕೇಳು.


ಬಿದ್ರಿ_ಕಪ್ಪು · ಬೀದರ್ · ಮಂಗಳವಾರ ರಾತ್ರಿ 8:45

ಅಂಕಲ್ ಹೇಳಿದ್ದು ಸರಿ. ಆದ್ರೆ ಫೋರ್ಕ್ ಮಾಡೋ ಮುಂಚೆ ಒಂದು ಸಣ್ಣ ವಿಷಯ ನೋಡಿದ್ರಾ? ಆ ರೆಪೊದಲ್ಲಿ ಲೈಸೆನ್ಸ್ ಕಡತವೇ ಇಲ್ಲ.

ಲೈಸೆನ್ಸ್ ಇಲ್ಲ ಅಂದರೆ ಯಾರು ಬೇಕಾದರೂ ತಗೊಳ್ಳಬಹುದು ಅಂತಲ್ಲ, ಉಲ್ಟಾ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತೆ. ಬರೆದವರು ಬಿಟ್ಟುಕೊಡುವ ತನಕ ಅದು ಅವರದ್ದೇ. ಎಂಐಟಿ ಅಂತಲೋ ಜಿಪಿಎಲ್ ಅಂತಲೋ ಯಾವುದಾದರೂ ಮುಕ್ತ ಲೈಸೆನ್ಸ್‌ನ ಒಂದು ಪುಟ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು.

ನಮ್ಮೂರಲ್ಲಿ ಬಹಮನಿ ಕಾಲದ ಕರೇಜ್ ಇದೆ, ನೆಲದೊಳಗಿನ ನೀರಿನ ಕಾಲುವೆ. ಮೇಲೆ ಅಲ್ಲಲ್ಲಿ ಬಾಯಿ ಬಿಟ್ಟಿರುತ್ತಾರೆ, ಗಾಳಿಗೆ ಮತ್ತು ಹೂಳೆತ್ತೋಕೆ. ನೀರು ಎಲ್ಲರಿಗೂ ಬೇಕು. ಹೂಳೆತ್ತುವವರು ನಿಂತಮೇಲೆ ಆ ಬಾಯಿಗಳಲ್ಲೇ ಕಸ ತುಂಬಿತು. ಈ ಲೈಬ್ರರಿ ನೋಡಿದಾಗ...


ಯಾದಗಿರಿ_ಪ್ಯಾಸೆಂಜರ್ · ಮಂಗಳವಾರ ರಾತ್ರಿ 8:52

ಬಂತು ನೋಡಿ ಕರೇಜ್. ಹೋದ ತಿಂಗಳು ಡೇಟಾಬೇಸ್ ಚರ್ಚೆಯಲ್ಲೂ ಇದೇ ಕರೇಜ್ ಬಂದಿತ್ತು :)


ಬಿದ್ರಿ_ಕಪ್ಪು · ಮಂಗಳವಾರ ರಾತ್ರಿ 8:58

ನಿಮ್ಮೂರಲ್ಲಿ ಇಲ್ಲ ಅಂತ ಹೊಟ್ಟೆಕಿಚ್ಚು.


ಶಹಾಬಾದ್_ಫರ್ಸಿ · ಮಂಗಳವಾರ ರಾತ್ರಿ 10:30

ಎಲ್ಲರೂ ತೊಗರಿ ಅಣ್ಣನ ಕಡೆಯಿಂದ ಮಾತಾಡ್ತಾ ಇದ್ದೀರಿ. ಆ ಕಡೆಯಿಂದಲೂ ನೋಡಿ. ಹನ್ನೆರಡು ವರ್ಷದ ಮೇಲೆ ಗುರುತು ಪರಿಚಯ ಇಲ್ಲದವರು ಬಂದು ಬೀಗದ ಕೈ ಕೊಡಿ ಅಂದರೆ ಕೊಡಬೇಕಾ?

2018ರಲ್ಲಿ ಈವೆಂಟ್‌ಸ್ಟ್ರೀಮ್ ಅನ್ನೋ ಪ್ಯಾಕೇಜ್‌ಗೆ ಹೀಗೇ ಆಯ್ತು. ಬರೆದವರು ಅದನ್ನು ಬಳಸೋದೇ ಬಿಟ್ಟಿದ್ದರು. ಒಬ್ಬರು ಮೇಲ್ ಮಾಡಿ ನಾನು ನೋಡಿಕೊಳ್ತೀನಿ ಅಂದರು. ಸರಿ ಅಂತ ಕೊಟ್ಟರು. ಬಂದವರು ಅದಕ್ಕೆ ಇನ್ನೊಂದು ಪ್ಯಾಕೇಜ್ ಜೋಡಿಸಿದರು. ಅದರೊಳಗೆ ಬಿಟ್‌ಕಾಯಿನ್ ವ್ಯಾಲೆಟ್‌ಗೆ ಕನ್ನ ಹಾಕುವ ಕೋಡ್ ಇತ್ತು.

2024ರ ಎಕ್ಸ್‌ಝೆಡ್ (ಕಡತ ಕುಗ್ಗಿಸುವ ಸಾಧನ) ಕಥೆ ಇನ್ನೂ ಭಯ. ಅಲ್ಲಿ ಬಂದವರಿಗೆ ಅವಸರವೇ ಇರಲಿಲ್ಲ. ವರ್ಷಗಟ್ಟಲೆ ಒಳ್ಳೊಳ್ಳೆ ಪ್ಯಾಚ್ (ತಿದ್ದುಪಡಿ) ಕಳಿಸಿದರು. ಒಬ್ಬರೇ ನೋಡಿಕೊಳ್ಳುತ್ತಿದ್ದ ಪ್ರಾಜೆಕ್ಟ್ ಅದು, ಆ ಮನುಷ್ಯ ಸುಸ್ತಾಗಿದ್ದರು. ಕೆಲಸ ನಿಧಾನ ಆಯ್ತು, ಬೇರೆಯವರಿಗೆ ಕೊಡಿ ಅಂತ ಬೇರೆ ಬೇರೆ ಹೆಸರಿನಿಂದ ಒತ್ತಡ ಬಂತು. ಕೊನೆಗೆ ಕೊಟ್ಟರು. 5.6.0, 5.6.1 ಎರಡು ಆವೃತ್ತಿಯಲ್ಲಿ ಹಿಂಬಾಗಿಲು ಬಂತು. ಆಂಡ್ರೆಸ್ ಫ್ರೊಯಿಂಡ್ ಅನ್ನೋ ಎಂಜಿನಿಯರ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಹೊಕ್ಕುವ ದಾರಿ) ಲಾಗಿನ್‌ಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡೀತಾ ಇದೆಯಲ್ಲ ಅಂತ ಬೆನ್ನು ಹತ್ತಿದ್ದಕ್ಕೆ ಸಿಕ್ಕಿಬಿತ್ತು. ಅರ್ಧ ಸೆಕೆಂಡ್! ನಾವು 'ಇತರೆ' ಕಾಲಂ ಎರಡು ವರ್ಷ ನೋಡಿಕೊಂಡು ಕೂತಿದ್ದೆವು.

ಅದಕ್ಕೆ, ಕೇಳುವಾಗ ಓನರ್ ಹಕ್ಕು ಕೇಳಬೇಡಿ. ಪೈಪಿಐನಲ್ಲಿ ಮೇಂಟೇನರ್ ಅಂತ ಬೇರೆ ಇದೆ. ಅವರು ರಿಲೀಸ್ ಹಾಕಬಹುದು, ಪ್ರಾಜೆಕ್ಟ್ ಅಳಿಸೋಕೆ ಬರಲ್ಲ, ಬೇರೆಯವರನ್ನು ಸೇರಿಸೋಕೂ ಬರಲ್ಲ. ಅಷ್ಟು ಸಾಕು.


ತೊಗರಿ_ಲೆಕ್ಕ · ಬುಧವಾರ ರಾತ್ರಿ 9:15

ಅಂಕಲ್ ಹೇಳಿದ ಹಾಗೆ ಮೇಲ್ ಹಾಕಿದ್ದೇನೆ. ಪುಲ್ ರಿಕ್ವೆಸ್ಟ್ (ತಿದ್ದಿದ ಕೋಡ್ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕೂಡ ಕಳಿಸಿದ್ದೇನೆ, ನಾರ್ಮಲೈಸ್ ಮಾಡುವ ಭಾಗ ಮಾತ್ರ. ತಾಲ್ಲೂಕು ಸೇರಿಸೋದು ಬೇರೆ ಕಳಿಸುತ್ತೇನೆ. ಒಂದೇ ಸಲ ಎಲ್ಲಾ ಸುರಿದರೆ ನೋಡುವವರಿಗೂ ಬೇಜಾರು.


ಭಾಲ್ಕಿ_2012 · ಶನಿವಾರ ರಾತ್ರಿ 11:50

ನಮಸ್ಕಾರ. ಆ ಲೈಬ್ರರಿ ನಂದು.

ಮೇಲ್ ನೋಡಿದೆ, ಅದರಲ್ಲಿದ್ದ ಲಿಂಕ್ ಹಿಡಿದು ಇಲ್ಲಿಗೆ ಬಂದೆ. ಕಾಲೇಜಿನ ಕೊನೆ ವರ್ಷದಲ್ಲಿ ಬರೆದದ್ದು. ಒಬ್ಬರ ಹತ್ತಿರ ಇದ್ದ ನುಡಿ ಕಡತವನ್ನು ಕೈಗೆ ಸಿಕ್ಕ ಸ್ಕ್ರಿಪ್ಟ್‌ನಿಂದ ತಿರುಗಿಸಿದ್ದೆ, ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಲೈಸೆನ್ಸ್ ಅಂದರೆ ಏನು ಅಂತಲೇ ಆಗ ಗೊತ್ತಿರಲಿಲ್ಲ. ಈಗ ಪುಣೆಯಲ್ಲಿದ್ದೇನೆ, ಪೈಥಾನ್ ಮುಟ್ಟಿ ಆರು ವರ್ಷ ಆಯ್ತು.

ಇಶ್ಯೂಗಳನ್ನು ನೋಡಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಮೊದಲನೆಯದು ಬಂದಾಗ ಈ ಭಾನುವಾರ ಮಾಡೋಣ ಅಂದುಕೊಂಡೆ. ಎರಡನೆಯದು ಬಂದಾಗ ಮೊದಲನೆಯದೇ ಮಾಡಿಲ್ಲವಲ್ಲ ಅನ್ನಿಸಿತು. ನಾಲ್ಕಾಗುವ ಹೊತ್ತಿಗೆ ಆ ಪುಟ ತೆರೆಯೋಕೇ ಮನಸ್ಸಾಗುತ್ತಿರಲಿಲ್ಲ. ಸಾಲ ಕೊಟ್ಟವರ ಮನೆ ಮುಂದೆ ಹೋಗದೆ ಬೇರೆ ಓಣಿಯಿಂದ ಹೋದ ಹಾಗೆ.

ಕ್ಷಮಿಸಿ. ಮಿಲ್‌ನವರಿಗೆ ತೊಂದರೆ ಆಯ್ತಲ್ಲ.


ಹಳೇ_ಪರ್ಲ್ · ಭಾನುವಾರ ಬೆಳಿಗ್ಗೆ 6:20

ತಮ್ಮಾ, ಕ್ಷಮೆ ಯಾಕೆ? ಪುಕ್ಕಟೆ ಕೊಟ್ಟಿದ್ದೀಯ. ನನ್ನ ಹೆಸರಲ್ಲಿ ಇಂಥವು ಮೂರಿವೆ. ಒಂದರ ಪಾಸ್‌ವರ್ಡ್ ಕೂಡ ನೆನಪಿಲ್ಲ.

ಊರಿಗೆ ಬಂದರೆ ಹೇಳು, ರೊಟ್ಟಿ ಊಟಕ್ಕೆ ಕೂಡೋಣ.


ತೊಗರಿ_ಲೆಕ್ಕ · ಭಾನುವಾರ ಬೆಳಿಗ್ಗೆ 8:00

ಅಣ್ಣಾ, ನಿಮ್ಮ ಲೈಬ್ರರಿ ಇಲ್ಲದಿದ್ದರೆ ನಾನು ಇನ್ನೂ ನಾಲ್ಕು ಕಡೆ ಪಟ್ಟಿ ತಿದ್ದುತ್ತಾ ಇರುತ್ತಿದ್ದೆ. ಮೊದಲು ಲೈಸೆನ್ಸ್ ಕಡತ ಒಂದು ಹಾಕಿಬಿಡಿ. ಯಾವುದು ಅನ್ನೋದು ನಿಮ್ಮಿಷ್ಟ. ಆಮೇಲೆ ನನ್ನನ್ನೂ ಇನ್ನೊಬ್ಬರನ್ನೂ ಮೇಂಟೇನರ್ ಮಾಡಿ. ನಾನೊಬ್ಬನೇ ಬೇಡ. ತೊಗರಿ ಸುಗ್ಗಿಯಲ್ಲಿ ನನಗೆ ಊಟಕ್ಕೂ ಪುರುಸೊತ್ತು ಇರಲ್ಲ.


ಶಹಾಬಾದ್_ಫರ್ಸಿ · ಭಾನುವಾರ ಬೆಳಿಗ್ಗೆ 9:30

ಇನ್ನೊಬ್ಬಳು ನಾನಾಗ್ತೀನಿ. ಒಂದು ಷರತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ರಿಲೀಸ್ ಆಗಬಾರದು, ಒಂದು ಕಾಗುಣಿತ ತಿದ್ದಿದರೂ ಸರಿ.


ಭಾಲ್ಕಿ_2012 · ಭಾನುವಾರ ಮಧ್ಯಾಹ್ನ 12:40

ಎಂಐಟಿ ಹಾಕಿದೆ. ಪಾಸ್‌ವರ್ಡ್ ರೀಸೆಟ್ ಆಯ್ತು. ಎರಡು ಹಂತದ ಲಾಗಿನ್ ಕೇಳ್ತು, 2024ರಿಂದ ಅದು ಎಲ್ಲರಿಗೂ ಕಡ್ಡಾಯವಂತೆ. ಅದನ್ನೂ ಮಾಡಿದೆ. ಇಬ್ಬರಿಗೂ ಆಹ್ವಾನ ಹೋಗಿದೆ.

ಒಂದು ಅನುಮಾನ. ಗುಲ್ಬರ್ಗಾ ತೆಗೆದು ಕಲಬುರಗಿ ಹಾಕಿಬಿಡೋದಾ?


ಯಾದಗಿರಿ_ಪ್ಯಾಸೆಂಜರ್ · ಭಾನುವಾರ ಮಧ್ಯಾಹ್ನ 1:15

ತೆಗೀಬೇಡಿ! ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಚೀಟಿ, ಪಹಣಿ, ಎಲ್ಲದರಲ್ಲೂ ಗುಲ್ಬರ್ಗಾ ಅಂತಲೇ ಇದೆ. ಲೈಬ್ರರಿ ಬೇಡ ಅಂದವನು ನಾನೇ, ಆದ್ರೆ ಇರೋದಾದರೆ ಹಳೆಯದನ್ನು ಮುರಿಯಬಾರದು. ಗುಲ್ಬರ್ಗಾ ಅಂತ ಕೇಳಿದರೂ ಕಲಬುರಗಿ ಸಿಗಲಿ.


ಶಹಾಬಾದ್_ಫರ್ಸಿ · ಭಾನುವಾರ ಮಧ್ಯಾಹ್ನ 2:00

ಸೇರಿಸಿ ಹೇಳ್ತೀನಿ. ಯೂನಿಕೋಡ್‌ನಲ್ಲಿ ನಮ್ಮ ಹಳಗನ್ನಡದ ೞ ಅಕ್ಷರಕ್ಕೆ ಏನು ಹೆಸರು ಗೊತ್ತಾ? 'ಕನ್ನಡ ಲೆಟರ್ ಎಫ್‌ಎ', ಅಂದರೆ 'ಫ'! ಶುರುವಿನಲ್ಲಿ ಯಾರೋ ತಪ್ಪು ಮಾಡಿದರು. ಒಮ್ಮೆ ಇಟ್ಟ ಹೆಸರು ಬದಲಾಯಿಸಲ್ಲ ಅನ್ನೋದು ಅವರ ನಿಯಮ, ಯಾಕಂದ್ರೆ ಯಾರ ಪ್ರೋಗ್ರಾಂ ಅದನ್ನು ನಂಬಿ ಕೂತಿದೆಯೋ ಹೇಳೋಕಾಗಲ್ಲ. ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ, ತಪ್ಪು ಹೆಸರು ಹಾಗೇ ಇದೆ.

ನಾವೂ ಹಾಗೇ ಮಾಡೋಣ. ಗುಲ್ಬರ್ಗಾ ಅಂತ ಕೇಳಿದರೆ ಎಚ್ಚರಿಕೆ ಸಂದೇಶ ಕೂಡ ಬೇಡ ಅನ್ನಿಸುತ್ತೆ. ರೈತರ ಹಳೆ ಚೀಟಿ ತಪ್ಪಲ್ಲವಲ್ಲ.


ಬಿದ್ರಿ_ಕಪ್ಪು · ಭಾನುವಾರ ಮಧ್ಯಾಹ್ನ 2:40

ಅದಕ್ಕಿಂತ ಕಷ್ಟದ್ದು ಇದೆ. ಕಾಳಗಿ ಮೊದಲು ಚಿತ್ತಾಪುರ ತಾಲ್ಲೂಕಿನಲ್ಲಿತ್ತು, ಯಡ್ರಾಮಿ ಜೇವರ್ಗಿಯಲ್ಲಿ. ನಮ್ಮ ಕಡೆ ಹುಲಸೂರು ಬಸವಕಲ್ಯಾಣದಲ್ಲಿತ್ತು, ಕಮಲನಗರ ಔರಾದ್‌ನಲ್ಲಿ. ಯಾದಗಿರಿ ಜಿಲ್ಲೆ ಆಗಿದ್ದೇ 2009ರ ಕೊನೆಗೆ. ಹಳೆ ಚೀಟಿಯಲ್ಲಿ ಚಿತ್ತಾಪುರ ಅಂತಿದ್ದರೆ ಅದು ಇವತ್ತಿನ ಚಿತ್ತಾಪುರವೋ ಕಾಳಗಿಯೋ ಶಹಾಬಾದೋ? ಊರಿನ ಹೆಸರು ನೋಡದೆ ಹೇಳೋಕಾಗಲ್ಲ.


ತೊಗರಿ_ಲೆಕ್ಕ · ಭಾನುವಾರ ಸಂಜೆ 4:00

ಅದನ್ನು ಈಗ ಮುಟ್ಟೋದು ಬೇಡ. ಅದನ್ನು ಹಿಡಿದು ಕೂತರೆ ಇನ್ನೊಂದು ಹನ್ನೆರಡು ವರ್ಷ. ಕೊನೆಯದು 0.4 ಇತ್ತು. ಈಗ 0.5 ಬಿಡೋಣ. ನಾರ್ಮಲೈಸ್, ಹೊಸ ತಾಲ್ಲೂಕುಗಳು, ವಿಜಯನಗರ, ಹಳೆ ಹೆಸರುಗಳು. ನಾಲ್ಕೇ. ಟೆಸ್ಟ್‌ನಲ್ಲಿ ಬೀದರ್, ಸೇಡಂ, ಜೇವರ್ಗಿ, ಚಿಂಚೋಳಿ ಎರಡೂ ರೂಪದಲ್ಲಿ ಇರುತ್ತೆ.


ಯಾದಗಿರಿ_ಪ್ಯಾಸೆಂಜರ್ · ಭಾನುವಾರ ಸಂಜೆ 4:20

ಜನ ಇಷ್ಟು ವರ್ಷ ಬಳಸಿದ್ದಾರೆ, 1.0 ಅನ್ನಿ. ಸೊನ್ನೆ ಇದ್ದರೆ ಯಾವಾಗ ಬೇಕಾದರೂ ಮುರೀತೀವಿ ಅಂತ ಅರ್ಥ.


ಶಹಾಬಾದ್_ಫರ್ಸಿ · ಭಾನುವಾರ ಸಂಜೆ 4:35

ಚಿತ್ತಾಪುರದ ಗಂಟು ಬಿಡಿಸುವಾಗ ನಿಜವಾಗಿ ಮುರೀಬೇಕಾಗಬಹುದು ಅಣ್ಣಾ. ಅದಕ್ಕೇ ಸೊನ್ನೆ ಇರಲಿ.


ತೊಗರಿ_ಲೆಕ್ಕ · ಗುರುವಾರ ರಾತ್ರಿ 9:00

0.5 ನಿನ್ನೆ ಹೋಯ್ತು. ಆರರಲ್ಲಿ ನಾಲ್ಕು ಇಶ್ಯೂ ಮುಚ್ಚಿದೆವು. ಹಾಕಿದವರಲ್ಲಿ ಒಬ್ಬರು ಉತ್ತರ ಕೊಟ್ಟರು, "ನಾನು ಈಗ ಬೇರೆ ಭಾಷೆಗೆ ಹೋಗಿದ್ದೇನೆ, ಆದರೂ ಖುಷಿ ಆಯ್ತು" ಅಂತ.


ಬಿದ್ರಿ_ಕಪ್ಪು · ಗುರುವಾರ ರಾತ್ರಿ 9:25

ಹುಲಸೂರು ಅಂತ ಹಾಕಿದ್ದೀರಿ. ಇಲ್ಲಿ ಬೋರ್ಡ್ ಮೇಲೆ ಹುಲಸೂರ ಅಂತಲೂ ಇರುತ್ತೆ.


ಭಾಲ್ಕಿ_2012 · ಗುರುವಾರ ರಾತ್ರಿ 9:40

ಇಲ್ಲಿ ಬರೆದರೆ ಕಳೆದುಹೋಗುತ್ತೆ, ಇಶ್ಯೂ ಹಾಕಿ. ಇದು ನಾನೇ ಮಾಡ್ತೀನಿ, ಈ ಭಾನುವಾರ.


ಶಹಾಬಾದ್_ಫರ್ಸಿ · ಗುರುವಾರ ರಾತ್ರಿ 9:42

ಭಾನುವಾರ ಅಂದ್ರಾ?


ಭಾಲ್ಕಿ_2012 · ಗುರುವಾರ ರಾತ್ರಿ 9:43

ಇವತ್ತು ರಾತ್ರಿನೇ ಮಾಡ್ತೀನಿ ಅಕ್ಕಾ.


ಯಾದಗಿರಿ_ಪ್ಯಾಸೆಂಜರ್ · ಶುಕ್ರವಾರ ಬೆಳಿಗ್ಗೆ 10:10

ತೊಗರಿಯವರೇ, ಮಿಲ್‌ನಲ್ಲಿ ಈಗ ಬೀದರ್ ಕಾಣ್ತಾ ಇದೆಯಾ?


ತೊಗರಿ_ಲೆಕ್ಕ · ಶುಕ್ರವಾರ ಮಧ್ಯಾಹ್ನ 12:30

ಬೀದರ್ ಬಂತು. ಜೇವರ್ಗಿ, ಚಿಂಚೋಳಿ ಬಂತು. ಸೇಡಂ ಮಾತ್ರ ಸೊನ್ನೆ ತೋರಿಸುತ್ತಿತ್ತು. ಕೋಡ್ ಎಲ್ಲಾ ಮತ್ತೊಮ್ಮೆ ನೋಡಿದೆ, ಸರಿಯಾಗೇ ಇದೆ. ಕೊನೆಗೆ ಮಿಲ್‌ಗೆ ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಸೇಡಂ ಗಾಡಿ ಬಂತು, ಹುಡುಗ ತಲೆ ಎತ್ತದೆ 'ಇತರೆ' ಒತ್ತಿದ.